ನೀವು ನಾಲ್ಕು ದಿನ ಇದ್ದು ಬರುತ್ತೀರಿ, ನಾವು ಅಲ್ಲೇ ಬದುಕಬೇಕು

ಇವರಿಗೆ,
ಟಾರ್ಗೆಟ್ ಮುಟ್ಟಿದ ಡೀಲರ್‌ಗಳನ್ನು ಥೈಲ್ಯಾಂಡ್ ಟೂರ್‌ಗೆ ಕಳಿಸುವ ಗೊಬ್ಬರ, ಔಷಧಿ, ಬಿತ್ತನೆ ಬೀಜ, ಸಿಮೆಂಟ್, ಪೇಂಟ್ ಕಂಪನಿಗಳ ಅಧಿಕಾರಿಗಳಿಗೆ, ಅವರನ್ನು ಕರೆದುಕೊಂಡು ಹೋಗುವ ಟ್ರಾವೆಲ್ಸ್‌ನವರಿಗೆ, ಮತ್ತು ಬ್ಯಾಗ್ ಕಟ್ಟಿಕೊಂಡು ಹೊರಟಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ಅಣ್ಣತಮ್ಮಂದಿರಿಗೆ.

ವಿಷಯ: ಪರದೇಶದಲ್ಲಿ ನಮ್ಮ ಪ್ರವಾಸಿಗರ ನಡವಳಿಕೆ ಮತ್ತು ಅದರಿಂದ ಅಲ್ಲಿ ನೆಲೆಸಿರುವ ನಮ್ಮವರಿಗೆ ಆಗುತ್ತಿರುವ ತೊಂದರೆ.

ಮಾನ್ಯರೇ,

ನಾನು ಶಿಡ್ಲಘಟ್ಟದವಳು. ನಮ್ಮಪ್ಪ ರೇಷ್ಮೆ ರೀಲರ್ ಆಗಿದ್ದರು, ಗೂಡು ಕೊಂಡು ನೂಲು ತೆಗೆಯುವವರು. ಮದುವೆಯಾದ ಮೇಲೆ ಗಂಡನ ಕೆಲಸದ ಜೊತೆ ಬ್ಯಾಂಕಾಕ್‌ಗೆ ಹೋದೆ. ಎಂಟು ವರ್ಷವಾಯಿತು. ಅಲ್ಲಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷದ ಮಗಳಿದ್ದಾಳೆ. ಈಗ ರಜೆಗೆ ಊರಿಗೆ ಬಂದಿದ್ದೇನೆ. ಈ ಪತ್ರವನ್ನು ಅಮ್ಮನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬರೆಯಲೇಬೇಕು ಅನ್ನಿಸಿದ್ದು ಹೋದ ವಾರ. ಅಮ್ಮನ ಜೊತೆ ಗೊಬ್ಬರದ ಅಂಗಡಿಗೆ ಹೋಗಿದ್ದೆ. ಗೋಡೆ ಮೇಲೆ ಒಂದು ಬ್ಯಾನರ್ ಇತ್ತು. ಇಷ್ಟು ಲೋಡ್ ಎತ್ತಿದರೆ ಬ್ಯಾಂಕಾಕ್, ಪಟ್ಟಾಯ, ನಾಲ್ಕು ರಾತ್ರಿ ಐದು ಹಗಲು. ಮಧ್ಯದಲ್ಲಿ ಈಜುಡುಗೆ ತೊಟ್ಟ ಹುಡುಗಿಯ ಫೋಟೊ. ಅಂಗಡಿಯವರು ಪರಿಚಯದವರೇ. ಎಲ್ಲಿದ್ದೀಯಮ್ಮಾ ಈಗ ಅಂತ ಕೇಳಿದರು. ಬ್ಯಾಂಕಾಕ್ ಅಂದೆ. "ಓ, ಬ್ಯಾಂಕಾಕಾ!" ಅಂದು ಪಕ್ಕದಲ್ಲಿ ಕೂತಿದ್ದವರ ಮುಖ ನೋಡಿ ನಕ್ಕರು. ಅವರೂ ನಕ್ಕರು. ಅಮ್ಮ ಸೆರಗು ಸರಿ ಮಾಡಿಕೊಂಡು ಬಾಗಿಲ ಕಡೆ ನೋಡುತ್ತಾ ನಿಂತರು.

ಆ ನಗು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದರ ಇನ್ನೊಂದು ತುದಿ ಬ್ಯಾಂಕಾಕ್‌ನಲ್ಲಿದೆ. ನಾನು ಅಲ್ಲಿ ಕಂಡಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದಿನ ಮಾತು. ಆಫೀಸು ಮುಗಿಸಿ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಥಾಯ್ ಹುಡುಗಿ ಹತ್ತಿರದ ಮಾಲ್‌ಗೆ ಹೋಗಿದ್ದೆವು. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನನ್ನು ಪೀ ಅಂತ ಕರೆಯುತ್ತಾಳೆ, ಅಕ್ಕ ಅನ್ನುವ ಹಾಗೆ. ಎಸ್ಕಲೇಟರ್ ಹತ್ತಿರ ಅವಳು ನನಗೋಸ್ಕರ ಕಾಯುತ್ತಾ ನಿಂತಿದ್ದಳು. ನಾನು ಆರೇಳು ಹೆಜ್ಜೆ ಹಿಂದಿದ್ದೆ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ಐದಾರು ಜನ ಅವಳ ಪಕ್ಕ ಬಂದು ನಿಂತರು. ಎದೆ ಮೇಲೆ ಕಂಪನಿ ಹೆಸರು. "ಏಯ್, ಈಯಮ್ಮನ್ನ ಕೇಳೋ, ಎಷ್ಟಂತೆ?" ಅಂದ ಒಬ್ಬ. ನಮ್ಮ ಕಡೆಯ ಕನ್ನಡ. ಮಧ್ಯೆ ಮಧ್ಯೆ ತೆಲುಗು ನುಸುಳುವ ನಮ್ಮ ಮನೆಯ ಕನ್ನಡ. ಇನ್ನೊಬ್ಬ ಮುಂದೆ ಬಂದು ಅವಳನ್ನು ಇಂಗ್ಲಿಷ್‌ನಲ್ಲಿ ಕೇಳೇಬಿಟ್ಟ, ಎಷ್ಟು ಅಂತ. ಮತ್ತೊಬ್ಬನ ಕೈಯಲ್ಲಿ ಫೋನ್ ಇತ್ತು, ವಿಡಿಯೊ ಓಡುತ್ತಿತ್ತು.

ಅವಳು ನಕ್ಕಳು. ಅದನ್ನು ನೋಡಿ ಅವರೂ ಜೋರಾಗಿ ನಕ್ಕರು.

ಇದನ್ನು ನೀವು ತಿಳಿದುಕೊಳ್ಳಬೇಕು. ಥಾಯ್ ಜನ ಎದುರಿಗೆ ನಿಂತು ಜಗಳ ಆಡುವವರಲ್ಲ. ಸಿಟ್ಟು ಬಂದರೂ ನಗುತ್ತಾರೆ, ನಾಚಿಕೆಯಾದರೂ ನಗುತ್ತಾರೆ, ಭಯವಾದರೂ ನಗುತ್ತಾರೆ. "ಮೈ ಪೆನ್ ರೈ" ಅನ್ನುತ್ತಾರೆ, ಪರವಾಗಿಲ್ಲ ಅಂತ. ಆ ನಗುವನ್ನು ನಮ್ಮವರು ಒಪ್ಪಿಗೆ ಅಂದುಕೊಳ್ಳುತ್ತಾರೆ. ಅದು ಒಪ್ಪಿಗೆ ಅಲ್ಲ. ಇವರು ಬೇಗ ಹೊರಟುಹೋಗಲಿ ಅನ್ನುವ ಬೇಡಿಕೆ ಅದು.

ನಾನು ಏನು ಮಾಡಿದೆ? ಹೋಗಿ ಬೈಯಬೇಕಿತ್ತು. ಕನ್ನಡದಲ್ಲೇ ಬೈಯಬೇಕಿತ್ತು. ಮಾಡಲಿಲ್ಲ. ಅವರು ಹೋಗುವವರೆಗೂ ಒಂದು ಕಂಬದ ಪಕ್ಕ ನಿಂತಿದ್ದೆ. ಮಾರನೇ ದಿನ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಕೇಳಿದಳು: "ಪೀ, ನಿನ್ನೆ ಅವರು ನಿಮ್ಮ ಭಾಷೆ ಮಾತಾಡುತ್ತಿದ್ದರಲ್ವಾ? ನೀವು ಮನೆಗೆ ಫೋನ್ ಮಾಡುವಾಗ ಹಾಗೇ ಕೇಳಿಸುತ್ತೆ." ಹೌದು ಅಂದೆ. ಅವಳು ಮತ್ತೇನೂ ಕೇಳಲಿಲ್ಲ. ಎಂಟು ವರ್ಷದಲ್ಲಿ ನಾನು ಅಷ್ಟು ತಲೆ ತಗ್ಗಿಸಿದ್ದು ಅವತ್ತೊಂದೇ ದಿನ.

ಬ್ಯಾಂಕಾಕ್ ಅಂದರೆ ಅಲ್ಲಿನ ಹೆಣ್ಣುಮಕ್ಕಳೆಲ್ಲ ಮಾರಾಟಕ್ಕಿದ್ದಾರೆ ಅಂತ ನಿಮ್ಮ ಬ್ಯಾನರ್‌ಗಳು ಹೇಳುತ್ತವೆ. ಅವರಲ್ಲಿ ಬ್ಯಾಂಕ್ ಮ್ಯಾನೇಜರ್ ಇದ್ದಾರೆ, ಟೀಚರ್ ಇದ್ದಾರೆ, ನರ್ಸ್ ಇದ್ದಾರೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಳ್ಳುಗಾಡಿಯಲ್ಲಿ ಅನ್ನ ಮಾರಿ ಮಕ್ಕಳನ್ನು ಓದಿಸುವ ತಾಯಂದಿರಿದ್ದಾರೆ. ವೇಶ್ಯಾವಾಟಿಕೆ ಅಲ್ಲಿ ಕಾನೂನುಬದ್ಧ ಅಂತ ತಿಳಿದುಕೊಂಡವರು ನಮ್ಮಲ್ಲಿ ಬಹಳ ಜನ. ಅದು ತಪ್ಪು. 1996ರ ಕಾಯ್ದೆ ಪ್ರಕಾರ ಅಲ್ಲಿ ಅದು ಅಪರಾಧ. ಕಾನೂನಿನ ಮಾತು ಬಿಡಿ. ದಾರಿಯಲ್ಲಿ ನಿಂತ ಹುಡುಗಿಯನ್ನು ಬೆಲೆ ಕೇಳುವುದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಹೇಗೆ ತಪ್ಪೋ ಅಲ್ಲೂ ಹಾಗೇ ತಪ್ಪು.

ಇನ್ನೊಂದು ದಿನ ಮಗಳ ಜೊತೆ ಸ್ಕೈಟ್ರೇನ್‌ನಲ್ಲಿ ಬರುತ್ತಿದ್ದೆ. ಅಲ್ಲಿ ರೈಲಿನೊಳಗೆ ಜನ ಮೆಲ್ಲಗೆ ಮಾತಾಡುತ್ತಾರೆ, ಫೋನ್‌ನಲ್ಲಿ ಹಾಡು ಹಾಕಿದರೆ ಕಿವಿಗೆ ಇಯರ್‌ಫೋನ್ ಇರುತ್ತದೆ. ಒಂದು ಗುಂಪು ಹತ್ತಿತು. ಒಬ್ಬರು ಸ್ಪೀಕರ್ ಹಾಕಿಕೊಂಡು ಊರಿಗೆ ವಿಡಿಯೊ ಕಾಲ್ ಮಾಡುತ್ತಿದ್ದರು. ಇನ್ನೊಬ್ಬರು ಮೇಲಿನ ಹಿಡಿಗಳಿಗೆ ಜೋತುಬಿದ್ದು ಜೀಕುತ್ತಿದ್ದರು. ವಯಸ್ಸಾದವರಿಗೆ, ಗರ್ಭಿಣಿಯರಿಗೆ ಬಿಟ್ಟ ಸೀಟಿನಲ್ಲಿ ಮೂರು ಜನ ಗಟ್ಟಿಮುಟ್ಟಾದವರು ಕೂತರು. ಬೋಗಿಯಲ್ಲಿದ್ದವರೆಲ್ಲ ಒಮ್ಮೆ ತಿರುಗಿ ನೋಡಿ ಆಮೇಲೆ ನೆಲ ನೋಡಿದರು. ನಾನು ಮಗಳಿಗೆ ಏನೋ ಹೇಳಲು ಬಾಯಿ ತೆರೆದೆ. ಅವಳು ನನ್ನ ಕೈ ಒತ್ತಿ ಹಿಡಿದು ಕಿವಿಯಲ್ಲಿ ಅಂದಳು: "ಅಮ್ಮಾ, ಈಗ ಕನ್ನಡ ಮಾತಾಡಬೇಡ."

ಇವಳಿಗೆ ಕನ್ನಡ ಉಳಿಯಲಿ ಅಂತ ನಾನು ಪಟ್ಟ ಪಾಡು ನನಗೆ ಗೊತ್ತು. ದಿನಾ ರಾತ್ರಿ ಅಕ್ಷರ ತಿದ್ದಿಸಿದ್ದೇನೆ. ಮನೆಯಲ್ಲಿ ಬೇರೆ ಭಾಷೆ ಆಡಿದರೆ ಉತ್ತರ ಕೊಡುತ್ತಿರಲಿಲ್ಲ. ಅಜ್ಜಿ ಜೊತೆ ಫೋನ್‌ನಲ್ಲಿ ಒಗಟು ಹೇಳಿಸಿದ್ದೇನೆ. ಅಷ್ಟೆಲ್ಲ ಮಾಡಿ ಕಲಿಸಿದ ಮಾತನ್ನು ಹತ್ತು ನಿಮಿಷದ ರೈಲು ಪ್ರಯಾಣದಲ್ಲಿ ಬಚ್ಚಿಡಬೇಕು ಅಂತ ಮಗುವಿಗೆ ಅನ್ನಿಸಿತು. ಇದಕ್ಕೆ ಯಾರನ್ನು ಕೇಳಲಿ?

ವತ್ ಫೋ ದೇವಸ್ಥಾನದ್ದೂ ಹೇಳಬೇಕು. ಮಲಗಿದ ಬುದ್ಧ ಇರುವ ಜಾಗ. 46 ಮೀಟರ್ ಉದ್ದದ ಮೂರ್ತಿ. ಪಾದಗಳ ಮೇಲೆ ಮುತ್ತಿನ ಚಿಪ್ಪಿನಲ್ಲಿ 108 ಮಂಗಳ ಚಿಹ್ನೆ ಕೂರಿಸಿದ್ದಾರೆ. ಅಮ್ಮ ನನ್ನ ಹತ್ತಿರ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಅಲ್ಲಿ 108 ಕಂಚಿನ ಬಟ್ಟಲುಗಳಿವೆ, ಒಂದೊಂದಕ್ಕೂ ಒಂದೊಂದು ಕಾಸು ಹಾಕುತ್ತಾ ಹೋಗಬೇಕು. ಅಮ್ಮ ಭಕ್ತಿಯಿಂದ ಹಾಕುತ್ತಾ ಹೋದರು. ಆಚೆ ಬದಿ ನಮ್ಮವರೊಬ್ಬರು ಬುದ್ಧನ ಹಾಗೇ ತಲೆಗೆ ಕೈ ಕೊಟ್ಟು ನೆಲದ ಮೇಲೆ ಉದ್ದಕ್ಕೆ ಮಲಗಿದರು. ಕಾಲು ಮೂರ್ತಿಯ ಕಡೆ. ಸುತ್ತ ನಿಂತವರು ನಗುತ್ತಾ ವಿಡಿಯೊ ತೆಗೆದರು. ಕಾವಲುಗಾರ ಬಂದು ಕೈಮುಗಿದು ಏಳಿ ಅಂದ. ಎರಡು ಸಲ ಹೇಳಿಸಿಕೊಂಡರು. ಹತ್ತಿರ ಮಂಡಿಯೂರಿ ಕೂತಿದ್ದ ಒಬ್ಬ ಮುದುಕಿ ಎದ್ದು ಹೊರಗೆ ಹೋದಳು. ಕೈವಾರದಲ್ಲಿ ಯೋಗಿ ನಾರೇಯಣ ತಾತಯ್ಯನವರ ಮುಂದೆ ಹೀಗೆ ಮಲಗುತ್ತೀರಾ ಅಂತ ಅಮ್ಮ ನನ್ನನ್ನು ಕೇಳಿದರು, ನಾನೇ ಮಲಗಿದ್ದೆ ಅನ್ನುವ ಹಾಗೆ.

ಚಪ್ಪಲಿ ಬಿಡುವುದು, ಕೈ ಮುಗಿಯುವುದು, ದೊಡ್ಡವರ ಕಡೆ ಕಾಲು ಚಾಚದಿರುವುದು ನಮಗೆ ಹೊಸದಾಗಿ ಹೇಳಿಕೊಡಬೇಕಾದ ವಿಷಯಗಳಲ್ಲ. ಯೂರೋಪಿನವರಿಗೆ ಬೇಕಾದರೆ ಹೇಳಿಕೊಡಬೇಕು. ಬ್ಯಾಂಕಾಕ್ ವಿಮಾನ ನಿಲ್ದಾಣದ ಹೆಸರೇ ಸುವರ್ಣಭೂಮಿ. ಒಳಗೆ ಸಮುದ್ರ ಮಥನದ ದೊಡ್ಡ ಶಿಲ್ಪ ನಿಲ್ಲಿಸಿದ್ದಾರೆ, ಒಂದು ಕಡೆ ದೇವತೆಗಳು, ಒಂದು ಕಡೆ ಅಸುರರು. ಅವರ ಹಳೆಯ ರಾಜಧಾನಿಯ ಹೆಸರು ಅಯೋಧ್ಯೆಯಿಂದ ಬಂದ ಅಯುತ್ತಯ. ಅವರ "ಸವಾದ್ದಿ" ನಮ್ಮ ಸ್ವಸ್ತಿಯೇ. ಎದುರಾದವರಿಗೆ ಕೈ ಮುಗಿಯುತ್ತಾರೆ, ಗಣೇಶನಿಗೆ ಹೂವು ಇಡುತ್ತಾರೆ. ಇಷ್ಟು ಹತ್ತಿರದ ಜನ ಅವರು. ನಮಗೆ ಅಲ್ಲಿ ಮರ್ಯಾದೆ ಸಿಗದಿದ್ದರೆ ಅದನ್ನು ನಾವೇ ಕಳೆದುಕೊಂಡಿದ್ದೇವೆ ಅಂತ ಅರ್ಥ.

ಭಾರತದ ಕಡೆಯವರಿಗೆ ಅಲ್ಲಿನ ಆಡುಮಾತಿನಲ್ಲಿ ಒಂದು ಹೆಸರಿದೆ. "ಖೇಕ್" ಅಂತಾರೆ. ಸೀಲೋಮ್ ರಸ್ತೆಯಲ್ಲಿ 19ನೇ ಶತಮಾನದಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿ ಇದೆ. ಅದನ್ನು ಊರೆಲ್ಲ "ವತ್ ಖೇಕ್" ಅಂತಲೇ ಕರೆಯುತ್ತದೆ. ನವರಾತ್ರಿ ಕೊನೆಗೆ ದೇವಿಯ ಉತ್ಸವ ಹೊರಟಾಗ ಸಾವಿರಾರು ಥಾಯ್ ಜನ ರಸ್ತೆಯಲ್ಲಿ ಹೂವು ಹಣ್ಣು ಹಿಡಿದು ಕಾಯುತ್ತಾರೆ. ಖೇಕ್ ಅಂದರೆ ಏನು ಗೊತ್ತಾ? ಅತಿಥಿ. ಮನೆಗೆ ಬಂದ ನೆಂಟ. ಅದೇ ಪದ ಈಗ ಕೆಲವರ ಬಾಯಲ್ಲಿ ಬೈಗುಳದ ಹಾಗೆ ಬರುತ್ತದೆ. ಧ್ವನಿಯಲ್ಲೇ ವ್ಯತ್ಯಾಸ ತಿಳಿಯುತ್ತದೆ. ನನಗೆ ಎರಡೂ ಧ್ವನಿ ಚೆನ್ನಾಗಿ ಗೊತ್ತು.

ಆ ಎರಡನೇ ಧ್ವನಿ ಕೇಳಿದ್ದು ಮನೆ ಹುಡುಕುವಾಗ. ಐದು ವರ್ಷ ಇದ್ದ ಮನೆಯನ್ನು ಮಾಲೀಕರು ಮಾರಿದರು. ಬೇರೆ ಅಪಾರ್ಟ್‌ಮೆಂಟ್ ನೋಡಬೇಕಾಯಿತು. ಫೋನ್‌ನಲ್ಲಿ ನಾನು ಥಾಯ್ ಮಾತಾಡಿದಾಗ ಬ್ರೋಕರ್ ಹೆಣ್ಣುಮಗಳು ಖುಷಿಯಾಗಿಯೇ ಮಾತಾಡಿದಳು. ಯಾವ ದೇಶ ಅಂದಳು. ಇಂಡಿಯಾ ಅಂದೆ. ಆ ಕಡೆ ಮಾತು ನಿಂತಿತು. ಮಾಲೀಕರನ್ನು ಕೇಳಿ ಹೇಳುತ್ತೇನೆ ಅಂದವಳು ಮತ್ತೆ ಫೋನ್ ಮಾಡಲಿಲ್ಲ. ಇದು ಮೂರು ಕಡೆ ಆಯಿತು. ನಾಲ್ಕನೆಯವರು ಕಾರಣ ಹೇಳಿದರು. ಹಿಂದೆ ಇಬ್ಬರು ಇರುತ್ತೇವೆ ಅಂತ ಮನೆ ತೆಗೆದುಕೊಂಡು ಎಂಟು ಜನ ಮಲಗಿದ್ದರಂತೆ. ರಾತ್ರಿ ಎರಡು ಗಂಟೆಗೆ ಬಾಲ್ಕನಿಯಲ್ಲಿ ಕುಡಿದು ಕೂಗಾಡಿದ್ದರಂತೆ. ಹೋಗುವಾಗ ಟವೆಲ್ಲು, ಹೇರ್ ಡ್ರೈಯರ್ ಎಲ್ಲ ಹೋಗಿತ್ತಂತೆ. ಅವರು ಯಾವ ರಾಜ್ಯದವರೋ ನನಗೇನು ಗೊತ್ತು. ಪಾಸ್‌ಪೋರ್ಟ್ ಮಾತ್ರ ಒಂದೇ. ಕೊನೆಗೆ ಸಿಕ್ಕ ಮನೆಗೆ ಎಲ್ಲರೂ ಎರಡು ತಿಂಗಳ ಅಡ್ವಾನ್ಸ್ ಕೊಡುವ ಕಡೆ ನಾವು ಮೂರು ತಿಂಗಳದ್ದು ಕೊಟ್ಟೆವು. ಆ ಹೆಚ್ಚಿನ ಒಂದು ತಿಂಗಳ ಬಾಡಿಗೆ ಯಾರ ತಪ್ಪಿಗೆ ಕಟ್ಟಿದ ದಂಡ?

ನಮ್ಮಪ್ಪ ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಬಂದು ಹೇಳುತ್ತಿದ್ದ ಮಾತು ಆಗ ನೆನಪಾಯಿತು. ಹರಾಜಿಗೆ ಬಂದ ಲಾಟಿನಲ್ಲಿ ಮೇಲೆ ಒಳ್ಳೆ ಗೂಡು ಹರಡಿ ಕೆಳಗೆ ಕೆಟ್ಟ ಗೂಡು ತುಂಬುವವರು ಒಬ್ಬಿಬ್ಬರು ಇರುತ್ತಿದ್ದರು. ಒಂದು ಸಲ ಮೋಸ ಹೋದ ರೀಲರ್, ಮುಂದಿನ ವಾರ ಆ ಊರಿನ ಹೆಸರು ಕೇಳಿದ ಕೂಡಲೇ ಕೈ ಹಿಂದಕ್ಕೆ ತೆಗೆಯುತ್ತಿದ್ದ. ಅದೇ ಊರಿನ ಇನ್ನೊಬ್ಬ ರೈತ ರಾತ್ರಿಯೆಲ್ಲ ನಿದ್ದೆಗೆಟ್ಟು ಸೊಪ್ಪು ಹಾಕಿ ಒಳ್ಳೆ ಬೆಳೆ ತಂದಿದ್ದರೂ ಅವನಿಗೆ ಕಿಲೋಗೆ ಇಪ್ಪತ್ತು ಮೂವತ್ತು ರೂಪಾಯಿ ಕಮ್ಮಿ. ಆ ರೈತ ಯಾರ ಹತ್ತಿರ ಹೋಗಿ ನ್ಯಾಯ ಕೇಳಬೇಕು? ಕೆಟ್ಟ ಗೂಡು ಮಾರಿದವನು ದುಡ್ಡು ಎಣಿಸಿಕೊಂಡು ಬಸ್ ಹತ್ತಿ ಹೋಗಿಯಾಗಿರುತ್ತಿತ್ತು.

ದೂರದ ಮಾತು ಬೇಡ ಅನ್ನುವವರು ನಂದಿಗೆ ಹೋಗಿ ನೋಡಿ. ನನ್ನ ಚಿಕ್ಕಮ್ಮನ ಮನೆ ನಂದಿ ಗ್ರಾಮದಲ್ಲಿ, ಭೋಗನಂದೀಶ್ವರ ದೇವಸ್ಥಾನಕ್ಕೆ ಹತ್ತಿರ. ಈ ಸಲ ಎರಡು ಭಾನುವಾರ ಅಲ್ಲಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಬೆಟ್ಟದ ಕಡೆ ಹೋಗುವ ಬೈಕು, ಕಾರುಗಳ ಸಾಲು ಶುರುವಾಗುತ್ತದೆ. ಸೈಲೆನ್ಸರ್ ಸದ್ದಿಗೆ ತೊಟ್ಟಿಲ ಮಗು ಬೆಚ್ಚಿ ಏಳುತ್ತದೆ. ಮನೆ ಬಾಗಿಲಿಗೆ ಅಡ್ಡ ಕಾರು ನಿಲ್ಲಿಸಿ ಹೋಗುತ್ತಾರೆ. ಸಂಜೆ ಹೊಲದ ಬದುವಿನಲ್ಲಿ ಬಿಯರ್ ಬಾಟಲಿ, ಒಡೆದ ಗಾಜು. ಹೂವು ಬಿಡಿಸಲು ಹೋದವರ ಕಾಲಿಗೆ ಚುಚ್ಚುತ್ತದೆ. "ಈ ಬೆಂಗಳೂರಿನೋರು" ಅಂತ ಊರವರು ಹಲ್ಲು ಕಡಿಯುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದು.

ಆದರೆ ಅದೇ ಊರಿನಲ್ಲಿ ಬೆಂಗಳೂರಿನಿಂದ ಬಂದು ಎರಡು ಎಕರೆ ತೆಗೆದುಕೊಂಡು ದ್ರಾಕ್ಷಿ ಹಾಕಿರುವ ಒಬ್ಬರಿದ್ದಾರೆ. ಆರು ವರ್ಷದಿಂದ ಅಲ್ಲೇ ಮನೆ. ಟೀ ಅಂಗಡಿಗೆ ಬಂದರೆ ಯಾರೂ ಬೆಂಚಿನಲ್ಲಿ ಜರುಗಿ ಜಾಗ ಕೊಡುವುದಿಲ್ಲ. ಸೋಮವಾರ ಬೆಳಿಗ್ಗೆ ಅವರೊಬ್ಬರೇ ಚೀಲ ಹಿಡಿದು ರಸ್ತೆ ಪಕ್ಕದ ಬಾಟಲಿ ಆರಿಸುವುದನ್ನು ಚಿಕ್ಕಮ್ಮನ ಮನೆ ಮಹಡಿಯಿಂದ ನೋಡಿದೆ. ಅವರು ಒಂದು ಬಾಟಲಿಯನ್ನೂ ಎಸೆದವರಲ್ಲ. ಅವರನ್ನು ನೋಡಿ ನನಗೆ ಗಂಟಲು ಕಟ್ಟಿತು. ಬ್ಯಾಂಕಾಕ್‌ನಲ್ಲಿ ನಾನು ಅವರೇ.

ನಿಮ್ಮಲ್ಲಿ ಕೆಲವರು ಹೇಳುವ ಮಾತು ಗೊತ್ತು. ದುಡ್ಡು ಕೊಟ್ಟು ಹೋಗುತ್ತೇವೆ, ಅವರಿಗೂ ನಮ್ಮಿಂದಲೇ ವ್ಯಾಪಾರ ಅಲ್ವಾ ಅಂತ. ವ್ಯಾಪಾರ ಇದೆ, ನಿಜ. 2024ರಲ್ಲಿ ಭಾರತದಿಂದ ಥೈಲ್ಯಾಂಡ್‌ಗೆ ಹೋದವರು 20 ಲಕ್ಷಕ್ಕೂ ಜಾಸ್ತಿ. ವ್ಯಾಪಾರಕ್ಕೇ ಅಲ್ವಾ ನಮಗೆ ಬಾಗಿಲು ತೆರೆದಿದ್ದು? ಮೊದಲು ವಿಮಾನ ನಿಲ್ದಾಣದಲ್ಲಿ ಅಲ್ಲಿನ ದುಡ್ಡಿನಲ್ಲಿ 2,000 ಬಾತ್ ಕಟ್ಟಿ 15 ದಿನಕ್ಕೆ ವೀಸಾ ಹಾಕಿಸಿಕೊಳ್ಳಬೇಕಿತ್ತು. 2023ರ ನವೆಂಬರ್ 10ರಿಂದ ವೀಸಾ ಇಲ್ಲದೆ 30 ದಿನ ಬಿಟ್ಟರು. 2024ರ ಜುಲೈಯಲ್ಲಿ ಅದನ್ನು 60 ದಿನ ಮಾಡಿದರು. ಇದು ನಮ್ಮ ಹಕ್ಕಲ್ಲ, ಅವರು ಕೊಟ್ಟಿದ್ದು. ಕೊಟ್ಟವರಿಗೆ ವಾಪಸ್ ತೆಗೆದುಕೊಳ್ಳಲೂ ಬರುತ್ತದೆ.

ಬಿಳಿಯರೂ ಹಾಗೇ ಮಾಡುತ್ತಾರೆ ಅನ್ನುವವರೂ ಇದ್ದಾರೆ. ಮಾಡುತ್ತಾರೆ. ಅವರಿಗೆ ಏನಾಯಿತು ನೋಡಿ. ಕುಡಿದು ಗಲಾಟೆ ಮಾಡುವ ಬ್ರಿಟಿಷ್ ಹುಡುಗರ ಕಾಟ ತಾಳಲಾರದೆ 2023ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದವರು, 18ರಿಂದ 35 ವಯಸ್ಸಿನ ಬ್ರಿಟಿಷ್ ಗಂಡಸರನ್ನೇ ಗುರಿ ಮಾಡಿ, ಗಲಾಟೆ ಮಾಡಲು ಬರುವುದಾದರೆ ಬರಲೇಬೇಡಿ ಅಂತ ಜಾಹೀರಾತು ಕೊಟ್ಟರು. ಅದೇ ವರ್ಷ ಮಾರ್ಚ್‌ನಲ್ಲಿ ಇಂಡೋನೇಷ್ಯಾದ ಬಾಲಿಯ ಗವರ್ನರ್, ರಷ್ಯಾ ಮತ್ತು ಉಕ್ರೇನ್‌ನವರಿಗೆ ಬಂದಿಳಿದ ಮೇಲೆ ವೀಸಾ ಕೊಡುವುದನ್ನೇ ನಿಲ್ಲಿಸಿ ಅಂತ ಜಕಾರ್ತಾದಲ್ಲಿರುವ ಕೇಂದ್ರ ಸರ್ಕಾರವನ್ನು ಕೇಳಿಕೊಂಡರು. ತಪ್ಪು ಮಾಡಿದವರು ಕೆಲವರು, ಕೇಳಿದ್ದು ಎರಡು ದೇಶದ ಜನರ ಮೇಲೆ ನಿರ್ಬಂಧ. ಯುದ್ಧಕ್ಕೆ ಹೆದರಿ ಮಕ್ಕಳನ್ನು ಕಟ್ಟಿಕೊಂಡು ಬಂದವರೂ ಅದರಲ್ಲಿ ಇದ್ದಿರಬಹುದಲ್ವಾ?

ಎಲ್ಲರೂ ಹಾಗೆ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಚಿಂತಾಮಣಿ ಕಡೆಯ ವಯಸ್ಸಾದವರ ಒಂದು ಗುಂಪು ನನಗೆ ಮಾರಿಯಮ್ಮನ ಗುಡಿಯಲ್ಲಿ ಸಿಕ್ಕಿತ್ತು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಇಳಕಲ್ ಸೀರೆ, ಕಾಲಿಗೆ ಸಾಕ್ಸ್. ಹೂವು ಮಾರುವವಳಿಗೆ ಎರಡೂ ಕೈ ಜೋಡಿಸಿ, ಕನ್ನಡದಲ್ಲೇ "ಎಷ್ಟಮ್ಮಾ ತಾಯಿ" ಅಂದರು. ಅವಳಿಗೆ ಭಾಷೆ ಬರುವುದಿಲ್ಲ, ಇವರಿಗೂ ಬರುವುದಿಲ್ಲ. ಅವಳು "ಯಾಯ್, ಯಾಯ್" ಅನ್ನುತ್ತಾ ಒಂದು ಹಾರ ಜಾಸ್ತಿ ಕೊಟ್ಟಳು. ಯಾಯ್ ಅಂದರೆ ಅಜ್ಜಿ. ಅಜ್ಜಿ ತಮ್ಮ ಚೀಲದಿಂದ ಎರಡು ಕೋಡುಬಳೆ ತೆಗೆದು ಅವಳ ಕೈಗೆ ಇಟ್ಟರು. ನಾನು ಆ ಕಡೆ ಹೋದಾಗಲೆಲ್ಲ ಆ ಹೂವಿನವಳು ಇವತ್ತಿಗೂ ಯಾಯ್ ಚೆನ್ನಾಗಿದ್ದಾರಾ ಅಂತ ಕೇಳುತ್ತಾಳೆ. ಅವರು ಯಾರೋ ನನಗೆ ಗೊತ್ತಿಲ್ಲ, ಚೆನ್ನಾಗಿದ್ದಾರೆ ಅಂತಲೇ ಹೇಳುತ್ತೇನೆ. ಕೆಟ್ಟ ಹೆಸರಿನ ಹಾಗೇ ಒಳ್ಳೆ ಹೆಸರೂ ಅಲ್ಲಿರುವ ನಮ್ಮ ಪಾಲಿಗೇ ಬರುತ್ತದೆ.

ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್‌ಗೆ ಹೋಗಿದ್ದರು. ಅಲ್ಲಿನ ಶಾಲೆ, ಕಾರ್ಖಾನೆ ನೋಡಿಕೊಂಡು ಬಂದರು. ನೀವೂ ನೋಟ್ ಪುಸ್ತಕ ಹಿಡಿದು ಹೋಗಿ ಅಂತ ನಾನು ಹೇಳುವುದಿಲ್ಲ. ವರ್ಷವೆಲ್ಲ ಸಾಲ ಕೊಟ್ಟು, ವಸೂಲಿಗೆ ಅಲೆದು, ಟಾರ್ಗೆಟ್ ಮುಟ್ಟಿಸಿದವರು ನೀವು. ನಗಬೇಕು, ತಿನ್ನಬೇಕು, ಸಮುದ್ರದಲ್ಲಿ ಆಡಬೇಕು. ಯಾರೂ ಬೇಡ ಅನ್ನುವುದಿಲ್ಲ.

ಕಂಪನಿಗಳ ಅಧಿಕಾರಿಗಳೇ, ನಿಮ್ಮನ್ನೇ ಮೊದಲು ಕೇಳುತ್ತೇನೆ. ಆ ಬ್ಯಾನರ್ ತೆಗೆಯಿರಿ. ಹುಡುಗಿಯ ಫೋಟೊ ತೋರಿಸಿ ನೀವೇ ಒಂದು ಆಸೆ ಹುಟ್ಟಿಸಿ ಕಳಿಸುತ್ತೀರಿ, ಆಮೇಲೆ ಅಲ್ಲಿ ಆದದ್ದಕ್ಕೆ ನಮಗೂ ಅದಕ್ಕೂ ಸಂಬಂಧವಿಲ್ಲ ಅನ್ನುತ್ತೀರಿ. ಅವರ ಎದೆ ಮೇಲೆ ಇರುವುದು ನಿಮ್ಮ ಹೆಸರು. ಹೊರಡುವ ಮೊದಲು ಡೀಲರ್‌ಗಳನ್ನು ಕೂರಿಸಿ ಒಂದು ಗಂಟೆ ಕನ್ನಡದಲ್ಲಿ ಮಾತಾಡಿ. ಹೊಸ ಔಷಧಿ ಬಂದಾಗ ಎಷ್ಟು ಪ್ರಮಾಣ, ಯಾವಾಗ ಹೊಡೆಯಬೇಕು ಅಂತ ಹೋಟೆಲಿನಲ್ಲಿ ಊಟ ಹಾಕಿಸಿ ಮೀಟಿಂಗ್ ಮಾಡುತ್ತೀರಲ್ಲ, ಹಾಗೆ. ಜೊತೆಗೆ ಕಳಿಸುವ ನಿಮ್ಮ ಅಧಿಕಾರಿ ಅಷ್ಟೂ ದಿನ ಕುಡಿಯದೆ ಇರಬೇಕು. ತಪ್ಪು ಮಾಡಿದವರಿಗೆ ಮುಂದಿನ ವರ್ಷ ಟೂರ್ ಇಲ್ಲ ಅಂತ ಮೊದಲೇ ಹೇಳಿ. ಸಾಧ್ಯವಾದರೆ ಜೋಡಿಯಾಗಿ ಕಳಿಸಿ. ಅಂಗಡಿ ಬಾಗಿಲು ತೆಗೆದು, ಲೆಕ್ಕ ಬರೆದು, ಗಂಡ ಇಲ್ಲದಾಗ ಮೂಟೆ ಇಳಿಸಿಕೊಂಡ ಹೆಂಡತಿಗೂ ಆ ಟಾರ್ಗೆಟ್‌ನಲ್ಲಿ ಪಾಲಿದೆ.

ಟ್ರಾವೆಲ್ಸ್‌ನವರೇ, ಅಲ್ಲಿನ ಕಾನೂನು ನಿಮಗೆ ಗೊತ್ತು, ಆದರೆ ಹೇಳುವುದಿಲ್ಲ. ಇ-ಸಿಗರೇಟು ಅಲ್ಲಿ ನಿಷೇಧ. ಹಲವು ಬೀಚ್‌ಗಳಲ್ಲಿ ಸಾದಾ ಸಿಗರೇಟೂ ಸೇದುವಂತಿಲ್ಲ. ರಾಜಮನೆತನಕ್ಕೆ ಅವಮಾನ ಮಾಡಿದರೆ ಮೂರರಿಂದ 15 ವರ್ಷ ಜೈಲು, ಇದರಲ್ಲಿ ತಮಾಷೆ ಮಾತೇ ಇಲ್ಲ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ಸ್ಟೇಷನ್ನುಗಳಲ್ಲಿ ರಾಷ್ಟ್ರಗೀತೆ ಬಂದಾಗ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ನಾವೂ ನಿಲ್ಲಬೇಕು. ಯಾರ ತಲೆಯನ್ನೂ ಮುಟ್ಟಬಾರದು, ಮಗುವಿನದ್ದಾದರೂ ಸರಿ. ಪ್ರವಾಸಿ ಪೊಲೀಸರ ನಂಬರ್ 1155. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಟಿಕೆಟ್ ಜೊತೆ ಕೊಡಿ. ಬಸ್ಸಿನಲ್ಲಿ ಬೆಳಿಗ್ಗೆಯಿಂದಲೇ ಬಾಟಲಿ ತೆಗೆಯುವ ವ್ಯವಸ್ಥೆ ಮಾಡಬೇಡಿ. ಬರೆದುಕೊಡಲು ಯಾರೂ ಇಲ್ಲದಿದ್ದರೆ ಹೇಳಿ, ನಾನೇ ಬರೆದುಕೊಡುತ್ತೇನೆ. ದುಡ್ಡು ಬೇಡ.

ಅಣ್ಣಂದಿರೇ, ತಮ್ಮಂದಿರೇ, ನಿಮಗೆ ಏನು ಹೇಳಲಿ. ದಾರಿಯಲ್ಲಿ ಹೋಗುವ ಹೆಣ್ಣುಮಗಳನ್ನು ಬೆಲೆ ಕೇಳಬೇಡಿ. ಕೇಳದೆ ಯಾರ ಫೋಟೊನೂ ತೆಗೆಯಬೇಡಿ. ವಿಮಾನದಲ್ಲಿ ಬೆಲ್ ಒತ್ತುತ್ತಲೇ ಇರಬೇಡಿ, ಗಗನಸಖಿಯ ಕೈ ಹಿಡಿದು ಇನ್ನೊಂದು ಪೆಗ್ ಕೇಳಬೇಡಿ. ಇಮಿಗ್ರೇಷನ್ ಸಾಲಿನಲ್ಲಿ ನುಗ್ಗಬೇಡಿ. ಅಮ್ಮ ನನ್ನ ಹತ್ತಿರ ಬಂದ ದಿನ ಅದೇ ವಿಮಾನದಲ್ಲಿ ಬಂದ ಒಂದು ಗುಂಪು ಸಾಲು ಮುರಿದು ಜಗಳ ಮಾಡಿತ್ತು. ಆಮೇಲೆ ಬಂದ ಅಮ್ಮನನ್ನು ಪಕ್ಕಕ್ಕೆ ಕೂರಿಸಿ ವಾಪಸ್ ಟಿಕೆಟ್ ತೋರಿಸಿ, ದುಡ್ಡು ತೋರಿಸಿ ಅಂತ ಇಪ್ಪತ್ತು ನಿಮಿಷ ಕೇಳಿದರು. ಇಂಗ್ಲಿಷ್ ಬಾರದ ಅಮ್ಮ ಗಾಜಿನಾಚೆ ನನ್ನನ್ನು ಕಂಡ ಕೂಡಲೇ ಅತ್ತುಬಿಟ್ಟರು. ಇಪ್ಪತ್ತು ಬಾತ್‌ಗೆ ತಳ್ಳುಗಾಡಿಯವಳ ಜೊತೆ ಕಿರುಚಾಡಬೇಡಿ. ಎರಡು ಮಾತು ಕಲಿತು ಹೋಗಿ. ಗಂಡಸರು "ಸವಾದ್ದಿ ಖ್ರಪ್" ಅಂದರೆ ನಮಸ್ಕಾರ, "ಖೋಪ್ ಖುನ್ ಖ್ರಪ್" ಅಂದರೆ ಉಪಕಾರವಾಯಿತು. ಅಷ್ಟು ಅಂದು ನೋಡಿ, ಅವರ ಮುಖದಲ್ಲಿ ಬರುವ ನಗು ಬೇರೆ.

ಮತ್ತೆ ನಿಮ್ಮ ಗುಂಪಿನಲ್ಲಿ ಒಬ್ಬ ತಪ್ಪು ಮಾಡಿದಾಗ ಉಳಿದವರು ಸುಮ್ನೆ ನಿಲ್ಲಬೇಡಿ. ಆ ಎಸ್ಕಲೇಟರ್ ಹತ್ತಿರ ಕೇಳಿದವನು ಒಬ್ಬನೇ. ಉಳಿದ ನಾಲ್ಕೈದು ಜನರಲ್ಲಿ ಒಬ್ಬರಾದರೂ "ಬಾರೋ ಸಾಕು, ಮರ್ಯಾದೆಯಾಗಿರು" ಅಂದಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ನಾನೂ ಅವತ್ತು ಕಂಬದ ಪಕ್ಕ ನಿಂತಿದ್ದೆ. ಅದು ನನ್ನ ತಪ್ಪು. ಇನ್ನು ಮುಂದೆ ನಿಲ್ಲುವುದಿಲ್ಲ.

ಬರುವ ಗುರುವಾರ ರಾತ್ರಿಯ ವಿಮಾನಕ್ಕೆ ನಾನು ಮತ್ತು ಮಗಳು ವಾಪಸ್ ಹೋಗುತ್ತಿದ್ದೇವೆ. ಅದರಲ್ಲಿ ನಮ್ಮ ಕಡೆಯ ಒಂದು ಗುಂಪು ಇರುತ್ತದೆ ಅಂತ ಅದೇ ಅಂಗಡಿಯವರು ಹೇಳಿದರು. ನೀವೇ ಆಗಿದ್ದರೆ ನಮ್ಮನ್ನು ಮಾತಾಡಿಸಿ. ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು, ಸಸ್ಯಾಹಾರಿ ಊಟ ಎಲ್ಲಿ ಸಿಗುತ್ತದೆ, ಟ್ಯಾಕ್ಸಿಗೆ ಎಷ್ಟು ಕೊಡಬೇಕು, ಎಲ್ಲ ಹೇಳುತ್ತೇನೆ. ಮಗಳ ಎದುರಿಗೆ ಕನ್ನಡದಲ್ಲೇ ಮಾತಾಡಿಸಿ. ನಾವು ತಿರುಗಿ ನೋಡುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಶಿಡ್ಲಘಟ್ಟದ ಒಬ್ಬ ಮಗಳು